ಸೋಪಿನ ಕಿಟ್ಟಲ್ಲಿ ಮೂರು ಪ್ಯಾಕೆಟ್ ಕಾಸ್ಟಿಕ್ ಉಂಟು, ತೂಕ ಮಾಡ್ಲಿಕ್ಕೆ ಎಂತದೂ ಇಲ್ಲ

ಜೂನಲ್ಲಿ ತರಿಸಿದ ಕಿಟ್ಟಿನ ಬಗ್ಗೆ ಈಗ ಬರೀತಾ ಇದ್ದೇನೆ, ಸೋಪು ಒಣಗಿ ಮೈಗೆ ಹಾಕಿ ನೋಡದೆ ರಿವ್ಯೂ ಬರೆಯುದು ಸರಿಯಲ್ಲ ಅಂತ ಕಂಡಿತು. ನಾನು ತೆಗೊಳ್ಳುವ ಮೊದಲು ಓದಿದ ರಿವ್ಯೂಗಳೆಲ್ಲ ಬಾಕ್ಸ್ ಬಂದ ದಿವಸವೇ ಬರೆದದ್ದು, ಪ್ಯಾಕಿಂಗ್ ಚಂದ ಉಂಟು, ಬೇಗ ಬಂತು ಅಂತ ಐದು ಸ್ಟಾರ್, ಸೋಪು ಹೇಗಾಯ್ತು ಅಂತ ಒಬ್ಬರೂ ಹೇಳಿರಲಿಲ್ಲ. ಕಂಪೆನಿ ಹೆಸರು ಹಾಕುದಿಲ್ಲ. ಇಂಥ ಕಿಟ್ ಈಗ ಸುಮಾರು ಬರ್ತದೆ, ನಾನು ಹೇಳುದು ಯಾವ ಕಿಟ್ ತೆಗೊಂಡ್ರೂ ನೋಡಿಕೊಳ್ಳಬೇಕಾದ ವಿಷಯ.

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯದೇ ಕೊಪ್ಪರ, ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸಿ ತರುದು, ಹಾಗೆ ತಂದ ಎಣ್ಣೆಯಲ್ಲಿ ಅಡಿಯದ್ದು ಸ್ವಲ್ಪ ಯಾವಾಗಲೂ ಉಳೀತದೆ, ಅದರಲ್ಲಿ ಸೋಪು ಮಾಡ್ಬೇಕು ಅಂತ ಎರಡು ವರ್ಷದಿಂದ ಆಸೆ ಇತ್ತು. 2025ರಲ್ಲಿ ತೆಂಗಿನೆಣ್ಣೆ ರೇಟು ಹೇಗೆ ಏರಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅರ್ಧ ಕಿಲೋ ಎಣ್ಣೆ ಹಾಳಾದ್ರೆ ಹೊಟ್ಟೆ ಉರೀತದೆ. ಅದಕ್ಕೇ ಅಂದಾಜಿಗೆ ಮಾಡುದು ಬೇಡ, ಎಲ್ಲ ಅಳೆದು ಕೊಟ್ಟ ಕಿಟ್ ತರಿಸುವ ಅಂತ 1,149 ರೂಪಾಯಿ ಕೊಟ್ಟದ್ದು.

ಒಳಗೆ ಇದ್ದದ್ದು: 87 ಗ್ರಾಮಿನ ಮೂರು ಪ್ಯಾಕೆಟ್ ಕಾಸ್ಟಿಕ್ ಸೋಡ (ಎಣ್ಣೆಯನ್ನು ಸೋಪು ಮಾಡುವ ಕ್ಷಾರ, ಮೈ ಸುಡುವಂಥದ್ದು), ಎಂಟು ಗುಳಿಯ ಸಿಲಿಕಾನ್ ಅಚ್ಚು, ಒಂದು ಅಳತೆಯ ಜಗ್ಗು, ಥರ್ಮಾಮೀಟರ್, ಕನ್ನಡಕ, ತೆಳು ಗ್ಲೌಸು, ಲವಂಗದ ಎಣ್ಣೆಯ ಸಣ್ಣ ಬಾಟ್ಲಿ, ಮತ್ತೆ ಒಂದು ಮಡಚಿದ ಕಾಗದ. ಅಚ್ಚು ನಿಜವಾಗಿಯೂ ಒಳ್ಳೆಯದುಂಟು, ದಪ್ಪ, ಸೋಪು ಕಿತ್ತು ತೆಗೀವಾಗ ಮೂಲೆ ಮುರಿಯುದಿಲ್ಲ. ಥರ್ಮಾಮೀಟರೂ ಸರಿ ತೋರಿಸ್ತದೆ, ಕುದಿಯುವ ನೀರಲ್ಲಿ ಹಾಕಿ ನೋಡಿದ್ದೇನೆ. ಹೊಗಳ್ಲಿಕ್ಕೆ ಅಷ್ಟೇ.

ಈಗ ಕಾಗದದಲ್ಲಿ ಬರೆದದ್ದು 500 ಗ್ರಾಂ ತೆಂಗಿನೆಣ್ಣೆ, 200 ಎಂಎಲ್ ನೀರು, ಒಂದು ಪ್ಯಾಕೆಟ್ ಕಾಸ್ಟಿಕ್. ಕಿಟ್ಟಲ್ಲಿ ಕೊಟ್ಟ ಜಗ್ಗಿನಲ್ಲಿ ಇರುದು ಎಂಎಲ್ ಗೆರೆ ಮಾತ್ರ. ಮನೆಯಲ್ಲಿ ತಕ್ಕಡಿ ಇಲ್ಲದವರು ಎಂತ ಮಾಡ್ತಾರೆ? 500ರ ಗೆರೆವರೆಗೆ ಎಣ್ಣೆ ಹೊಯ್ಯುತ್ತಾರೆ. ನಾನೂ ಅದನ್ನೇ ಮಾಡಿದೆ. ನೀರಿಗಾದ್ರೆ ಎಂಎಲ್ಲೂ ಗ್ರಾಮೂ ಒಂದೇ, ಆದ್ರೆ ಎಣ್ಣೆ ನೀರಿನ ಮೇಲೆ ತೇಲುವ ವಸ್ತು, ಹಗುರ, 500 ಎಂಎಲ್ ತೆಂಗಿನೆಣ್ಣೆ ತೂಗಿದ್ರೆ ಸುಮಾರು 460 ಗ್ರಾಂ ಅಷ್ಟೇ. ಒಂದು ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗ್ಲಿಕ್ಕೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು, ಹಾಗಾದ್ರೆ 460 ಗ್ರಾಮಿಗೆ 84 ಗ್ರಾಂ ಸಾಕು. ನಾನು ಹಾಕಿದ್ದು 87. ಮೂರು ಗ್ರಾಂ ಕಾಸ್ಟಿಕ್ಕಿಗೆ ಹಿಡ್ಕೊಳ್ಳಲಿಕ್ಕೆ ಎಣ್ಣೆಯೇ ಇಲ್ಲ, ಅದು ಹಾಗೇ ಸೋಪಿನ ಒಳಗೆ ಕೂತದ್ದು.

ನೋಡ್ಲಿಕ್ಕೆ ಎಂತ ಚಂದ ಇತ್ತು ಅಂತೀರಿ, ಹಾಲು ಬಿಳಿ, ನುಣುಪು, ಅಚ್ಚಿನಿಂದ ಬೀಳುವಾಗ ಟಕ್ ಅಂತ ಶಬ್ದ. ಅಮ್ಮ ಒಂದನ್ನು ಎತ್ತಿ ಮೂಸಿ ಬಚ್ಚಲಿಗೆ ತೆಗೊಂಡು ಹೋಗ್ಲಿಕ್ಕೆ ಹೊರಟದ್ದು, ನಾನೇ ತಡೆದು ಒಂದು ತಿಂಗಳು ಇಡ್ಬೇಕು ಅಂದೆ. ನಾಲ್ಕು ವಾರ ಆದ ಮೇಲೆ ಬೆರಳು ಒದ್ದೆ ಮಾಡಿ ಸೋಪಿಗೆ ಉಜ್ಜಿ ಆ ಬೆರಳನ್ನು ನಾಲಗೆ ತುದಿಗೆ ಮುಟ್ಟಿಸಿ ನೋಡಿದೆ. ಸರಿಯಾದ ಸೋಪು ಬರೀ ಸೋಪಿನ ರುಚಿ ಕೊಡ್ತದೆ, ಇದು ಬ್ಯಾಟರಿ ನೆಕ್ಕಿದ ಹಾಗೆ ಚುಳ್ ಅಂತ ಹೊಡೀತು. ವಾರ ಬಿಟ್ಟು ನೋಡಿದ್ರೂ ಅದೇ. ಹೆಚ್ಚಾದ ಕಾಸ್ಟಿಕ್ ಇಟ್ಟಷ್ಟು ದಿವಸ ಇಟ್ರೆ ಹೋಗ್ತದೆ ಅಂತ ನಂಬಿ ಕೂರಬೇಡಿ, ಒಣಗಿಸುದು ನೀರು ಹೋಗ್ಲಿಕ್ಕೆ, ತಪ್ಪಿದ ಲೆಕ್ಕ ಸರಿ ಮಾಡ್ಲಿಕ್ಕಲ್ಲ.

ಆಮೇಲೆ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ 450 ರೂಪಾಯಿಯ ಡಿಜಿಟಲ್ ತಕ್ಕಡಿ ತಂದೆ, ಒಂದು ಗ್ರಾಂ ತನಕ ತೋರಿಸುವಂಥದ್ದು. ಎಂಟೂ ಸೋಪನ್ನು ತುರಿಮಣೆಯಲ್ಲಿ ತುರಿದು, ಗ್ಲೌಸ್ ಹಾಕಿಯೇ ತುರಿದದ್ದು, ಸ್ವಲ್ಪ ನೀರು ಹಾಕಿ, ಕಡಿಮೆ ಬಿದ್ದ ಆ 40 ಗ್ರಾಂ ಎಣ್ಣೆಯನ್ನೂ ಸೇರಿಸಿ, ದೊಡ್ಡ ಪಾತ್ರೆಯ ಕುದಿನೀರಿನ ಮೇಲೆ ಸಣ್ಣ ಸ್ಟೀಲ್ ಪಾತ್ರೆ ಇಟ್ಟು ಒಂದೂವರೆ ಗಂಟೆ ಬೇಯಿಸಿದೆ. ಗಂಜಿಯ ಹಾಗೆ ಆಗಿ ಮತ್ತೆ ಅಂಟಂಟು ಹಲ್ವದ ಹಾಗೆ ಆಯ್ತು, ಅಚ್ಚಿಗೆ ಒತ್ತಿ ಇಟ್ಟೆ. ಮೊದಲಿನ ನುಣುಪು ಹೋಯ್ತು, ಮೈಯೆಲ್ಲ ಗುಳಿಗುಳಿ, ಆದ್ರೆ ನಾಲಗೆಗೆ ಹೊಡೆಯುದಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಆ ಲವಂಗದ ಎಣ್ಣೆ, ಆ ಜಗ್ಗು ಎರಡನ್ನೂ ತೆಗೆದು ಆ ದುಡ್ಡಿಗೆ ಒಂದು ತಕ್ಕಡಿ ಹಾಕಿ ಕೊಡ್ಬೇಕಿತ್ತು. ಗ್ರಾಮಿನಲ್ಲಿ ರೆಸಿಪಿ ಬರೆದು ಎಂಎಲ್ ಜಗ್ಗು ಕೊಡುದು ಅಂದ್ರೆ ಕೊಂಡವರು ತಪ್ಪು ಮಾಡ್ಲಿ ಅಂತಲೇ ದಾರಿ ಮಾಡಿ ಕೊಟ್ಟ ಹಾಗೆ.

ಲವಂಗದ ಎಣ್ಣೆಯ ವಿಷಯ ಬಂತಲ್ಲ, ಎರಡನೇ ಬ್ಯಾಚ್ ಹೋದದ್ದು ಅದರಿಂದಲೇ. ಈ ಸಲ ಎಣ್ಣೆ ತೂಕ ಸರಿ, ನೀರು ಸರಿ, ಎರಡೂ 40 ಡಿಗ್ರಿಗೆ ಬಂದ ಮೇಲೆ ಸೇರಿಸಿ ಹ್ಯಾಂಡ್ ಬ್ಲೆಂಡರಲ್ಲಿ ಬಿಟ್ಟು ಬಿಟ್ಟು ಓಡಿಸಿದ್ದು, ದೋಸೆ ಹಿಟ್ಟಿನ ಹದಕ್ಕೆ ಬಂತು, ಬ್ಲೆಂಡರ್ ಎತ್ತಿದ್ರೆ ಬಿದ್ದ ಗೆರೆ ಮೇಲೆಯೇ ನಿಲ್ತಾ ಇತ್ತು, ಇನ್ನು ಅಚ್ಚಿಗೆ ಹೊಯ್ಯುದೇ ಬಾಕಿ. ಕಾಗದದಲ್ಲಿ ಪರಿಮಳ ಕೊನೆಗೆ ಹಾಕಿ, ಪೂರ್ತಿ ಬಾಟ್ಲಿ ಹಾಕ್ಬಹುದು ಅಂತ ಉಂಟು. 15 ಎಂಎಲ್ ಬಾಟ್ಲಿ ಬಗ್ಗಿಸಿ ಇನ್ನೊಂದು ಸಲ ಬ್ಲೆಂಡರ್ ಒತ್ತಿದೆ, ಅರ್ಧ ನಿಮಿಷ ಆಗಿರ್ಲಿಕ್ಕಿಲ್ಲ, ಬ್ಲೆಂಡರಿನ ಸ್ವರವೇ ಬದಲಾಯ್ತು, ಎತ್ತುವ ಅಂತ ನೋಡಿದ್ರೆ ಇಡೀ ಪಾತ್ರೆ ಅದರ ಒಟ್ಟಿಗೇ ಮೇಲೆ ಬಂತು. ಹಿಟ್ಟು ಹೋಗಿ ಗಟ್ಟಿ ಮುದ್ದೆ. ಪಾತ್ರೆ ಮುಟ್ಟಿದ್ರೆ ಬಿಸಿ ಏರ್ತಾ ಇತ್ತು.

ಲವಂಗದ ಎಣ್ಣೆಯಲ್ಲಿ ಯುಜಿನಾಲ್ ಅಂತ ಇರ್ತದೆ, ಅದು ಸೋಪಿನ ಹಿಟ್ಟನ್ನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗಟ್ಟಿ ಮಾಡ್ತದೆ ಅಂತ ಸೋಪು ಮಾಡುವವರಿಗೆಲ್ಲ ಗೊತ್ತಿರುವ ವಿಷಯ, ದಾಲ್ಚಿನಿ ಎಣ್ಣೆಯೂ ಹಾಗೆಯೇ. ಗೊತ್ತಿದ್ದವರು ಅದನ್ನು ಹಾಕುದಿದ್ರೆ ಕೆಲವೇ ಹನಿ, ಎಣ್ಣೆಗೆ ಮೊದಲೇ ಬೆರೆಸಿ, ಕೈಯಲ್ಲೇ ತಿರುವಿ ಕೂಡ್ಲೆ ಹೊಯ್ಯುತ್ತಾರೆ. ಮೇಲಿಂದ ಅದು ಜಾಸ್ತಿಯಾದ್ರೆ ಚರ್ಮಕ್ಕೆ ಉರಿ ಬರುವಂಥ ವಸ್ತು. ಮೊದಲನೇ ಸಲ ಸೋಪು ಮಾಡುವವರ ಕೈಗೆ ಅದೇ ಎಣ್ಣೆ ಯಾಕೆ ಕೊಟ್ರೋ. ಲ್ಯಾವೆಂಡರ್ ಕೊಡ್ಬಹುದಿತ್ತು, ಮಜ್ಜಿಗೆ ಹುಲ್ಲಿನ ಎಣ್ಣೆ ಕೊಡ್ಬಹುದಿತ್ತು. ಆ ಮುದ್ದೆಯನ್ನೂ ಕುದಿನೀರಿನ ಮೇಲೆ ಬೇಯಿಸಿ ಮೆತ್ತಗೆ ಮಾಡಿ ಅಚ್ಚಿಗೆ ತುಂಬಿಸಿದೆ, ಅದನ್ನು ಈಗ ಬಟ್ಟೆ ಒಗೀಲಿಕ್ಕೆ ಮಾತ್ರ ಬಳಸುದು.

ಇಷ್ಟಾದ್ರೂ ನಾನು ಈ ರಿವ್ಯೂ ಬರೀಲಿಕ್ಕೆ ಕೂತದ್ದು ಎಣ್ಣೆ ಹಾಳಾದ್ದಕ್ಕಲ್ಲ, ಆ ಕಾಗದದ ಚಿತ್ರಕ್ಕೆ.

ಕಾಗದ ಇಂಗ್ಲಿಷ್ ಮತ್ತೆ ಮಲಯಾಳದಲ್ಲಿ ಉಂಟು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, ನನ್ನ ಪ್ರಾಯದವರು ಮಲಯಾಳ ಓದ್ತೇವೆ, ಅಮ್ಮ ಕನ್ನಡ ಮೀಡಿಯಂ, ಮಾತಾಡ್ತಾರೆ ಆದ್ರೆ ಅಕ್ಷರ ಓದ್ಲಿಕ್ಕೆ ಬರುದಿಲ್ಲ. ಓದ್ಲಿಕ್ಕೆ ಬಾರದವರು ಚಿತ್ರ ನೋಡಿ ಮಾಡ್ತಾರೆ. ಚಿತ್ರದಲ್ಲಿ ಎಂತ ಉಂಟು ಅಂದ್ರೆ, ಒಂದು ಬೌಲಲ್ಲಿ ಬಿಳಿ ಕಾಸ್ಟಿಕ್, ಮೇಲಿಂದ ಒಂದು ಕೈ ಜಗ್ಗಿನಿಂದ ನೀರು ಹೊಯ್ತಾ ಉಂಟು. ಇದು ಪೂರಾ ಉಲ್ಟಾ. ಕಾಸ್ಟಿಕ್ಕನ್ನು ನೀರಿಗೆ ಹಾಕ್ಬೇಕು, ಸ್ವಲ್ಪ ಸ್ವಲ್ಪವೇ, ನೀರನ್ನು ಕಾಸ್ಟಿಕ್ಕಿಗೆ ಯಾವತ್ತೂ ಹೊಯ್ಯಬಾರ್ದು. ಕಾಸ್ಟಿಕ್ ಕರಗುವಾಗ ಬರುವ ಬಿಸಿ ಸಣ್ಣದಲ್ಲ, ಒಲೆ ಇಲ್ಲದೆಯೇ ನೀರು 80 ಡಿಗ್ರಿ ದಾಟ್ತದೆ, ಅಂಥದ್ದರ ರಾಶಿ ಮೇಲೆ ಸ್ವಲ್ಪ ನೀರು ಬಿದ್ರೆ ಅಲ್ಲೇ ಕೊತಕೊತ ಕುದಿದು ಮುಖಕ್ಕೆ ಹಾರ್ತದೆ. ಅಕ್ಷರದಲ್ಲಿ ಸರಿಯಾಗಿ ಬರೆದಿದ್ದಾರೆ, ಏಳನೇ ಸಾಲಲ್ಲಿ, ಇರುವೆಯಷ್ಟು ಸಣ್ಣಕ್ಕೆ.

ಎರಡನೇ ಬ್ಯಾಚಿನ ದಿವಸ ನಾನು ಒಳಗೆ ಫೋನ್ ತೆಗೀಲಿಕ್ಕೆ ಹೋಗಿ ಬರುವಾಗ ಅಮ್ಮ ಜಗಲಿಯಲ್ಲಿ ಕಾಸ್ಟಿಕ್ ಬೌಲಿಗೆ ಹಾಕಿ ಆಗಿತ್ತು, ಬಲಗೈಯಲ್ಲಿ ನೀರಿನ ಜಗ್ಗು, ಎಡಗೈಯಲ್ಲಿ ಆ ಕಾಗದ, ಕನ್ನಡಕ ಹಣೆ ಮೇಲೆ. ನನಗೆ ಸಹಾಯ ಆಗ್ಲಿ ಅಂತ ಮಾಡಿದ್ದು. ನಾನು ಕಿರುಚಿದ ಬೊಬ್ಬೆಗೆ ಜಗ್ಗು ಕೆಳಗೆ ಬಿತ್ತು, ನೀರು ಅಂಗಳಕ್ಕೆ ಹೋಯ್ತು, ದೇವ್ರ ದಯೆ ಬೌಲಿಗೆ ಬೀಳ್ಲಿಲ್ಲ. ಎಷ್ಟೋ ಹೊತ್ತು ನನ್ನ ಕೈ ನಡುಗ್ತಾ ಇತ್ತು. ಅಮ್ಮ "ಅದರಲ್ಲಿ ಹಾಗೇ ಉಂಟಲ್ಲ" ಅಂತ ಕಾಗದ ತೋರಿಸಿದ್ರು, ಅವರು ಹೇಳಿದ್ದು ಸರಿಯೇ, ಅದರಲ್ಲಿ ಹಾಗೇ ಇತ್ತು.

ಇನ್ನೊಂದು, ಮೈಗೆ ಬಿದ್ರೆ ವಿನೆಗರ್ ಹಾಕಿ ಅಂತ ಬರೆದಿದ್ದಾರೆ. ಬೇಡ. ನಳ್ಳಿ ನೀರಿನ ಕೆಳಗೆ ಹಿಡೀಬೇಕು, ಹತ್ತಿಪ್ಪತ್ತು ನಿಮಿಷ ಹಿಡೀಬೇಕು, ಕಣ್ಣಿಗೆ ಹಾರಿದ್ರೆ ತೊಳೀತಾ ತೊಳೀತಾ ಆಸ್ಪತ್ರೆಗೆ. ವಿನೆಗರ್ ನೆಲ ಒರಸ್ಲಿಕ್ಕೆ ಆಗ್ತದೆ ಅಷ್ಟೇ. ನನಗೆ ಮೊದಲನೇ ಬ್ಯಾಚಲ್ಲಿ ಗ್ಲೌಸ್ ಹರಿದು ಮಣಿಗಂಟಿನ ಹತ್ತಿರ ಒಂದು ಹನಿ ಬಿದ್ದಿತ್ತು, ಮೊದಲು ಬರೀ ಜಾರುಜಾರು, ಆಮೇಲೆ ತುರಿಕೆ, ಆಮೇಲೆ ಉರಿ. ಆ ಜಾರುದು ಉಂಟಲ್ಲ, ಅದು ನಮ್ಮ ಚರ್ಮದ ಕೊಬ್ಬೇ ಸೋಪಾಗುದು, ಆಗಲೇ ನೀರಿಗೆ ಓಡ್ಬೇಕು. ಕಿಟ್ಟಿನ ಗ್ಲೌಸ್ ಬಿಸಾಡಿ, ಪಾತ್ರೆ ತೊಳೆಯುವ ದಪ್ಪ ರಬ್ಬರಿನದ್ದು ತೆಗೊಳ್ಳಿ. ಅಲ್ಯುಮಿನಿಯಂ ಪಾತ್ರೆ ಸೌಟು ಯಾವುದೂ ಹತ್ತಿರ ತರ್ಬೇಡಿ, ನಮ್ಮ ಹಳೇ ಸೌಟು ಅದ್ದಿದ ಕೂಡ್ಲೆ ಬುರುಬುರು ನೊರೆ ಬಂದು ಕಪ್ಪಾಯ್ತು, ಆ ಗುಳ್ಳೆ ಹೈಡ್ರೋಜನ್, ಬೆಂಕಿ ಹತ್ತುವ ಗ್ಯಾಸು. ಸ್ಟೀಲ್ ಆಗ್ತದೆ, ತಳದಲ್ಲಿ 5 ಅಂತ ನಂಬ್ರ ಇರುವ ಪ್ಲಾಸ್ಟಿಕ್ ಆಗ್ತದೆ, ಗಾಜು ಒಡೀಬಹುದು. ಮಿಕ್ಸಿ ಜಾರಲ್ಲಿ ಮುಚ್ಚಳ ಹಾಕಿ ತಿರುಗಿಸುವ ಯೋಚನೆ ಇದ್ರೆ ಬಿಟ್ಟುಬಿಡಿ.

ಮೂರನೇ ಪ್ಯಾಕೆಟ್ ತೆಗೀವಾಗ ಒಂದು ವಿಷಯ ಕಂಡಿತು, ಅದು ಹುಡಿ ಇರ್ಲಿಲ್ಲ, ಒದ್ದೆ ಬೆಲ್ಲದ ಹಾಗೆ ಮುದ್ದೆ ಕಟ್ಟಿತ್ತು. ತೂಗಿದ್ರೆ 93 ಗ್ರಾಂ. ಕಾಸ್ಟಿಕ್ ಗಾಳಿಯ ಪಸೆ ಕುಡೀತದೆ, ನಮ್ಮ ಆಟಿ ತಿಂಗಳ ಮಳೆಯಲ್ಲಿ ತೆಳು ಪ್ಲಾಸ್ಟಿಕ್ ಕವರು ಎಂತಕ್ಕೂ ಸಾಲುದಿಲ್ಲ. ಅದರಲ್ಲಿ ಕಾಸ್ಟಿಕ್ ಎಷ್ಟು ನೀರು ಎಷ್ಟು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಲ್ವಾ, ಅದನ್ನು ಬದಿಗಿಟ್ಟು ಲ್ಯಾಬಿನ ಸಾಮಾನು ಮಾರುವ ಅಂಗಡಿಯಿಂದ ಬಿಗಿ ಮುಚ್ಚಳದ ಡಬ್ಬಿಯದ್ದು ತಂದೆ.

ಲೆಕ್ಕವನ್ನೂ ಬದಲಾಯಿಸಿದೆ. ಬರೀ ತೆಂಗಿನೆಣ್ಣೆಯ ಸೋಪು ತುಂಬ ಕೊಳೆ ತೆಗೀತದೆ, ಒಟ್ಟಿಗೆ ಮೈಯ ಪಸೆಯನ್ನೂ ತೆಗೀತದೆ. ಕಾಗದದ ಲೆಕ್ಕದಲ್ಲಿ 5 ಶೇಕಡ ಎಣ್ಣೆ ಮಾತ್ರ ಸೋಪಾಗದೆ ಉಳಿಯುದು, ತೆಂಗಿನೆಣ್ಣೆ ಒಂದೇ ಹಾಕುದಿದ್ರೆ 20 ಶೇಕಡ ಉಳಿಯುವ ಹಾಗೆ ಮಾಡ್ಬೇಕು. ಅಂದ್ರೆ ಅದೇ 87 ಗ್ರಾಂ ಕಾಸ್ಟಿಕ್ಕಿಗೆ 595 ಗ್ರಾಂ ಎಣ್ಣೆ. ಇದೊಂದನ್ನು ಬರ್ಕೊಳ್ಳಿ, ಕಿಟ್ ತೆಗೊಂಡವರಿಗೆ ನೇರ ಉಪಯೋಗಕ್ಕೆ ಬರ್ತದೆ, ಪ್ಯಾಕೆಟ್ ಒಣಗಿದ್ದು ಇದ್ರೆ. ಪರಿಮಳ ಬೇಡ ಅಂತ ಬಿಟ್ಟೆ, ಕಾಲು ಚಮಚ ಅರಶಿನ ಹುಡಿ ಮಾತ್ರ. ಹಾಕಿದ ಕೂಡ್ಲೆ ಕುರ್ದಿ ನೀರಿನ (ಅರಶಿನಕ್ಕೆ ಸುಣ್ಣ ಬೆರೆಸಿದ ಓಕುಳಿ) ಹಾಗೆ ಕೆಂಪಾಯ್ತು, ಅಲ್ಲಿ ಸುಣ್ಣ ಮಾಡುದನ್ನು ಇಲ್ಲಿ ಕಾಸ್ಟಿಕ್ ಮಾಡಿದ್ದು, ವಾರ ಹೋದ ಹಾಗೆ ಇಳಿದು ಈಗ ಸಾಸಿವೆ ಹಳದಿ. ಬೇವಿನ ಸೊಪ್ಪು, ಲೋಳೆಸರ ಅರೆದು ಹಾಕಿ ಅಂತ ಕಾಗದದಲ್ಲಿ ಉಂಟು, ಹಸಿರು ನಿಲ್ಲುದಿಲ್ಲ, ಕಂದು ಆಗ್ತದೆ, ಹಸಿ ಸೊಪ್ಪಿನ ಚೂರು ಉಳಿದ್ರೆ ಹಾಳಾಗುದೂ ಉಂಟು.

ನಾಲ್ಕು ವಾರದಲ್ಲಿ ಸೋಪು ರೆಡಿ ಅಂತ ಬಾಕ್ಸ್ ಮೇಲೆ ಬರೆದದ್ದು ನಮ್ಮ ಮಳೆಗಾಲಕ್ಕೆ ನಡೆಯುದಿಲ್ಲ. ಸೋಪಿನಲ್ಲಿ ಗ್ಲಿಸರಿನ್ ಇರ್ತದೆ, ಅದು ಗಾಳಿಯಿಂದ ನೀರು ಎಳೀತದೆ, ಬೆಳಿಗ್ಗೆ ನೋಡಿದ್ರೆ ಸೋಪಿನ ಮೈಮೇಲೆ ಬೆವರಿನ ಹನಿ ಸಾಲು. ಹಾಳಾಯ್ತು ಅಂತ ಬಿಸಾಡ್ಬೇಡಿ, ಒರಸಿ ಇಡಿ. ನಾನು ಅಟ್ಟದಲ್ಲಿ ಬಿದಿರಿನ ತಟ್ಟೆ ಮೇಲೆ ಒಂದಕ್ಕೊಂದು ತಾಗದ ಹಾಗೆ ಇಟ್ಟು ಪ್ರತೀ ಆದಿತ್ಯವಾರ ಒಂದೇ ಸೋಪನ್ನು ತೂಗಿದೆ, ಅಚ್ಚಿಂದ ತೆಗೀವಾಗ 102 ಗ್ರಾಂ, ಆರನೇ ವಾರಕ್ಕೆ 91, ಎಂಟನೇ ವಾರಕ್ಕೆ 90, ಒಂಬತ್ತಕ್ಕೂ 90. ತೂಕ ಇಳಿಯುದು ನಿಂತ ಮೇಲೆ ಬಚ್ಚಲಿಗೆ ತಂದದ್ದು.

ಕಿಟ್ಟಿಗೆ ನಾನು ಕೊಡುದು ಎರಡು ಸ್ಟಾರ್, ಅದರಲ್ಲಿ ಒಂದೂವರೆ ಅಚ್ಚಿಗೆ. ಆ ಚಿತ್ರ ಬದಲಾಯಿಸಿ ಅಂತ ಕಂಪೆನಿಗೆ ಮೈಲ್ ಹಾಕಿದ್ದೇನೆ, ಫೋಟೋದ ಒಟ್ಟಿಗೆ, ಕನ್ನಡದಲ್ಲಿ ಒಂದು ಪುಟ ನಾನೇ ಬರೆದು ಕೊಡ್ತೇನೆ, ದುಡ್ಡು ಬೇಡ ಅಂತಲೂ ಬರೆದೆ. ಥ್ಯಾಂಕ್ಸ್, ಮುಂದಿನ ಆರ್ಡರಿಗೆ 10 ಶೇಕಡ ಕಡಿಮೆ ಮಾಡ್ತೇವೆ ಅಂತ ಉತ್ತರ ಬಂತು, ಚಿತ್ರದ ಸುದ್ದಿಯೇ ಇಲ್ಲ. ಚಿತ್ರ ಸರಿ ಆಗುವವರೆಗೆ ಇದನ್ನು ತೆಗೊಳ್ಳಿ ಅಂತ ನಾನು ಯಾರಿಗೂ ಹೇಳುದಿಲ್ಲ. ಅಚ್ಚು ಬಿಡಿಯಾಗಿ ಸಿಗ್ತದೆ, ತಕ್ಕಡಿ ಸಿಗ್ತದೆ, ದಪ್ಪ ಗ್ಲೌಸ್ ಸಿಗ್ತದೆ, ಎಲ್ಲ ಸೇರಿ ಇದಕ್ಕಿಂತ ಹೆಚ್ಚು ಆಗುದಿಲ್ಲ.

ನಮ್ಮ ಮನೆಯ ಕಾಗದದ ಮೇಲೆ ಈಗ ಅಮ್ಮನೇ ಆ ಚಿತ್ರಕ್ಕೆ ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆದು, "ನೀರು ಮೊದಲು, ಸೋಡ ಮತ್ತೆ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಅರಶಿನದ ಸೋಪು ಎರಡು ಮಂಜೇಶ್ವರದ ದೊಡ್ಡಮ್ಮನ ಮನೆಗೆ ಕಳಿಸಿದ್ದೆ, ಅವರದ್ದು ಕಡಲ ಬದಿ, ಬೇಸಿಗೆಗೆ ಬಾವಿ ನೀರು ಉಪ್ಪಾಗ್ತದೆ, ಅಂಗಡಿ ಸೋಪು ನೊರೆಯೇ ಬರುದಿಲ್ಲ ಅಂತ ಯಾವಾಗಲೂ ಹೇಳ್ತಾ ಇದ್ರು. ತೆಂಗಿನೆಣ್ಣೆ ಸೋಪು ಉಪ್ಪು ನೀರಲ್ಲೂ ನೊರೆ ಬರ್ತದೆ, ಅದರ ಗುಣವೇ ಹಾಗೆ. ಬಕೆಟಿಗೆ ಕಡಲ ನೀರೇ ತಂದು ಉಜ್ಜಿ ನೋಡಿದ್ರಂತೆ, ನಿನ್ನೆ ಫೋನ್ ಮಾಡಿ ಇನ್ನು ನಾಲ್ಕು ಬೇಕು ಅಂದ್ರು.