ಇ-ರೀಡರೋ ಟ್ಯಾಬೋ: ಎರಡೂ ತಗೊಂಡು ಎರಡು ಮಳೆಗಾಲ ಕಳೆದ ಮೇಲೆ

ಮೊನ್ನೆ ಭಾವ ಫೋನ್ ಮಾಡಿ "ಪುಸ್ತಕ ಓದ್ಲೆ ಯಾವ್ದು ತಗಳವೋ, ಆ ಕಿಂಡಲ್ಲೋ ಟ್ಯಾಬೋ, ಒಂದೇ ಮಾತಲ್ಲಿ ಹೇಳು" ಅಂದ. ಒಂದೇ ಮಾತಲ್ಲಿ ಮುಗಿಯೋ ವಿಷಯ ಅಲ್ಲ ಭಾವ ಅಂತ ಶುರು ಮಾಡಿ ಅರ್ಧ ತಾಸು ಅವನ ತಲೆ ತಿಂದೆ, ಬಾಯಲ್ಲಿ ಎಲೆಯಡಿಕೆ ಕವಳ ಇತ್ತು ಅಂತ ಕಾಣ್ತದೆ, ಬರೀ ಹೂಂ ಹೂಂ ಅಂತಿದ್ದ, ತಲೆಗೆ ಹೋಗಿದ್ದೆಷ್ಟೋ ದೇವರಿಗೇ ಗೊತ್ತು. ಅದಕ್ಕೇ ಬರೆದೇ ಹಾಕ್ತಿದೀನಿ. ನನ್ನ ಹತ್ರ ಎರಡೂ ಇವೆ, ಆರಿಂಚಿನ ಇ-ರೀಡರ್ (ಪುಸ್ತಕ ಓದೋಕೆ ಅಂತಲೇ ಮಾಡಿದ ಯಂತ್ರ, ಅಮೆಜಾನಿನ ಕಿಂಡಲ್ ಅದೇ ಜಾತಿ) ಒಂದು, 8.7 ಇಂಚಿನ ಆಂಡ್ರಾಯ್ಡ್ ಟ್ಯಾಬ್ ಒಂದು, ಎರಡಕ್ಕೂ ಕೈಯಿಂದ ದುಡ್ಡು ಕೊಟ್ಟಿದೀನಿ, ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ.

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ನೌಕರಿ ಕಾರವಾರದಲ್ಲಿ. ಶನಿವಾರ ಬಸ್ ಹತ್ತಿದ್ರೆ ಅಂಕೋಲಾ, ಕುಮಟಾ ಮುಗಿಸಿ ದೇವಿಮನೆ ಘಾಟಿ ಹತ್ತಿ ಮನೆ ಮುಟ್ಟೋಕೆ ನಾಲ್ಕು ತಾಸು ಆಗ್ತದೆ, ಕುಮಟಾ ತನಕ ಓದಬಹುದು, ಘಾಟಿಯಲ್ಲಿ ಓದೋಕೆ ಹೋಗಬೇಡಿ, ಅದಕ್ಕೆ ಯಾವ ಸ್ಕ್ರೀನೂ ಔಷಧಿ ಅಲ್ಲ. ಇವೆಲ್ಲ ಯಾಕೆ ಬೇಕು, ಪುಸ್ತಕಾನೇ ಓದಬಾರದಾ ಅಂತ ಕೇಳೋರು ಒಂದ್ಸಲ ಆಗಸ್ಟಲ್ಲಿ ನಮ್ಮನೆ ಕಪಾಟು ತೆಗೆದು ನೋಡಿ. ಅಪ್ಪಯ್ಯ ವರ್ಷಗಟ್ಟಲೆ ಕೂಡಿಟ್ಟ ಪುಸ್ತಕ, ಕ್ಯಾಲಿಕೋ ಬೈಂಡಿನ ಮೇಲೆಲ್ಲ ಬಿಳೀ ಬೂಷ್ಟು, ಕೆಳಗಿನ ಸಾಲಿಗೆ ಒರಲೆ ಹತ್ತಿ ಒಳಗಿಂದ ಮಣ್ಣಾಗಿತ್ತು, ಹೊರಗಿಂದ ನೋಡಿದ್ರೆ ಪುಸ್ತಕದ ಹಂಗೇ ಕಾಣ್ತದೆ, ಹಿಡಿದ್ರೆ ಪುಡಿ. ನುಸಿಗುಳಿಗೆ ಹಾಕಿ ಆಯ್ತು, ಬೇವಿನ ಸೊಪ್ಪು ಇಟ್ಟು ಆಯ್ತು. ಹಾಗಾಗಿ ನಂಗೆ ಡಿಜಿಟಲ್ ಅನ್ನೋದು ಶೋಕಿಯಿಂದ ಬಂದಿದ್ದಲ್ಲ.

ಮೊದಲು ತಗೊಂಡಿದ್ದು ಇ-ರೀಡರ್. ಇಂಗ್ಲಿಷ್ ಕಾದಂಬರಿ ಓದೋ ಚಟ ಇತ್ತು, ಅದಕ್ಕೆ ಇದರಷ್ಟು ಚೊಲೋ ವಸ್ತು ಇನ್ನೊಂದಿಲ್ಲ, ಈ ಮಾತು ಮೊದಲೇ ಹೇಳಿಬಿಡ್ತೀನಿ. ಕಾರವಾರದ ಟಾಗೋರ್ ಬೀಚಲ್ಲಿ ಸಂಜೆ ನಾಲ್ಕೂವರೆಗೆ ಸಮುದ್ರದ ಕಡೆ ಮುಖ ಮಾಡಿ ಕೂತು ಟ್ಯಾಬ್ ತೆಗೀರಿ, ನಿಮ್ಮ ಮುಖ, ಹಿಂದಿನ ಗಾಳಿಮರ, ಆಕಾಶ ಎಲ್ಲ ಕಾಣ್ತದೆ, ಅಕ್ಷರ ಒಂದು ಬಿಟ್ಟು. ಇ-ರೀಡರಲ್ಲಿ ಬಿಸಿಲು ಹೆಚ್ಚಾದಷ್ಟೂ ಅಕ್ಷರ ಚಂದ. ಯಾಕಂದ್ರೆ ಆ ಪರದೆ ತಾನೇ ಬೆಳಗೋದಲ್ಲ, ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿರ್ತವೆ, ಅದರಲ್ಲಿ ಕಪ್ಪು ಮತ್ತೆ ಬಿಳಿ ಬಣ್ಣದ ಕಣ, ಒಂದಕ್ಕೆ ಪಾಸಿಟಿವ್ ಇನ್ನೊಂದಕ್ಕೆ ನೆಗೆಟಿವ್ ಚಾರ್ಜು, ಕರೆಂಟ್ ಕೊಟ್ಟ ಹಾಗೆ ಕಪ್ಪು ಮೇಲೆ ಬರ್ತದೆ ಇಲ್ಲಾ ಬಿಳಿ ಮೇಲೆ ಬರ್ತದೆ, ಬಂದದ್ದು ಅಲ್ಲೇ ನಿಲ್ತದೆ. ನಿಂತ ಪೇಜಿಗೆ ಬ್ಯಾಟರಿ ಬೇಡ, ಪೇಜ್ ತಿರುಗಿಸುವಾಗ ಮಾತ್ರ ಬೇಕು. ಅದಕ್ಕೇ ದಿನಾ ಒಂದು ತಾಸು ಓದಿದ್ರೂ ವಾರಗಟ್ಟಲೆ ಬರ್ತದೆ.

ಇದರ ಬೆಲೆ ಗೊತ್ತಾಗೋದು ಜುಲೈ ತಿಂಗಳಲ್ಲಿ. ಲೈನ್ ಮೇಲೆ ಮರ ಬಿತ್ತು ಅಂದ್ರೆ ನಮ್ಮಲ್ಲಿ ಎರಡು ದಿನ ಕರೆಂಟಿಲ್ಲ, ಕೆಲವು ಸಲ ಮೂರು. ಇನ್ವರ್ಟರ್ ಮೊದಲನೇ ರಾತ್ರಿಗೇ ಕೈ ಎತ್ತಿರ್ತದೆ, ಟ್ಯಾಬ್ ಮಾರನೇ ದಿನ ಮಧ್ಯಾಹ್ನಕ್ಕೆ. ಇನ್ನೊಂದು ವಿಷಯ ಯಾವ ಯೂಟ್ಯೂಬ್ ರಿವ್ಯೂದವನೂ ಹೇಳಿದ್ದು ಕಂಡಿಲ್ಲ, ಹುಳ! ಕರೆಂಟಿಲ್ಲದ ಮನೇಲಿ ಹೊಳೆಯೋದು ನಿಮ್ಮ ಕೈಲಿರೋ ಟ್ಯಾಬ್ ಒಂದೇ ಅಂತಾದ್ರೆ ತೋಟದ ಹುಳ ಎಲ್ಲ ಅಲ್ಲಿಗೇ ಬರ್ತವೆ, ಒರೆಸೋಕೆ ಹೋದ್ರೆ ಪೇಜ್ ತಿರುಗ್ತದೆ, ಮತ್ತೆ ಹಿಂದೆ ಬಾ, ಮತ್ತೆ ಹುಳ. ಇ-ರೀಡರಿನ ದೀಪ ಅಂಚಿಂದ ಪೇಜಿನ ಮೇಲೆ ಬೀಳ್ತದೆ, ತೀರಾ ಕಡಿಮೆ ಇಟ್ಕೊಂಡ್ರೂ ಅಕ್ಷರ ಕಾಣ್ತದೆ, ಹುಳಕ್ಕೂ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ.

ಇಷ್ಟೆಲ್ಲ ಹೊಗಳಿದೆ ಅಲ್ವಾ, ಈಗ ಕನ್ನಡಕ್ಕೆ ಬರೋಣ.

2016ರ ಕೊನೆಗೆ ಅಮೆಜಾನಿನವರು ತಮ್ಮ ಕಿಂಡಲ್ ಇ-ಪುಸ್ತಕದ ಅಂಗಡಿಗೆ ಭಾರತದ ಭಾಷೆ ತಂದಾಗ ಐದು ಭಾಷೆ ತಂದ್ರು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಪ್ರಕಾಶಕರು ಏನು ಮಾಡಬೇಕು, ಅವರ ಇ-ಪುಸ್ತಕ ಬೇರೆ ಕಡೆ ಹೋಯ್ತು, ಮೈಲ್ಯಾಂಗ್ ಆಪ್, ಗೂಗಲ್ ಪ್ಲೇ ಬುಕ್ಸ್ ಹೀಗೆ. ಮೈಲ್ಯಾಂಗಲ್ಲಿ ಕೊಂಡ ಪುಸ್ತಕ ಆ ಆಪ್ ಒಳಗೇ ಓದಬೇಕು, ಫೋನಲ್ಲಿ ಅಥವಾ ಟ್ಯಾಬಲ್ಲಿ. ಕಿಂಡಲಲ್ಲಿ ಆಪ್ ಹಾಕೋಕೆ ಬರೋದಿಲ್ಲ. ಮುಗೀತು ಕತೆ. ಪರದೆ ಎಷ್ಟು ಚಂದ ಇದ್ರೇನು, ಪುಸ್ತಕ ಒಳಗೆ ಬರ್ಲಿಕ್ಕೆ ದಾರಿ ಇಲ್ದಿದ್ರೆ. ನಾನು ಇದು ನೋಡದೇ ತಗೊಂಡೆ, ತಗೊಂಡ ವಾರದಲ್ಲಿ ಬುದ್ಧಿ ಬಂತು.

ಹಂಗಾದ್ರೆ ಪಿಡಿಎಫ್ ಹಾಕ್ಕೊಂಡು ಓದು ಅಂತೀರಿ. ಹೌದು, ಆರ್ಕೈವ್ ಡಾಟ್ ಆರ್ಗ್ ತಾಣದಲ್ಲಿ ಹಳೇ ಕನ್ನಡ ಪುಸ್ತಕದ ಸ್ಕ್ಯಾನ್ ರಾಶಿ ಸಿಗ್ತದೆ, ಯಕ್ಷಗಾನ ಪ್ರಸಂಗದ ಪಿಡಿಎಫೂ ನೆಟ್ಟಲ್ಲಿ ಬೇಕಾದಷ್ಟಿವೆ, ಭಾವನಿಗೆ ಬೇಕಾಗಿದ್ದೂ ಅದೇ, ಅವನು ತಾಳಮದ್ದಲೆಗೆ ಕೂರೋನು. ಆದ್ರೆ ಲೆಕ್ಕ ಸ್ವಲ್ಪ ನೋಡಿ. ನಮ್ಮ ಮಾಮೂಲಿ ಡೆಮಿ ಸೈಜಿನ ಪುಸ್ತಕದ ಪುಟ ಹೆಚ್ಚು ಕಡಿಮೆ 14 ಸೆಂಟಿಮೀಟರ್ ಅಗಲ, 21 ಉದ್ದ. ಆರಿಂಚಿನ ಪರದೆ 9 ಸೆಂಟಿಮೀಟರ್ ಅಗಲ, 12 ಉದ್ದ. ಇಡೀ ಪುಟ ಅದರೊಳಗೆ ತುರುಕಿದ್ರೆ 12 ಪಾಯಿಂಟಿನ ಅಕ್ಷರ ಏಳು ಪಾಯಿಂಟಿಗೆ ಇಳೀತದೆ. ಇಂಗ್ಲಿಷಾದ್ರೆ ಕಣ್ಣು ಕಿರಿದು ಮಾಡಿ ಹೇಗೋ ಓದಬಹುದು, ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಒತ್ತಿನ ಪಕ್ಕ ಇನ್ನೊಂದು, ಹಳೇ ಮೊಳೆ ಅಚ್ಚು, ಅದರ ಮೇಲೆ ಸ್ಕ್ಯಾನಿನ ಕಲೆ ಬೇರೆ. ಒಂದು ಹಳೇ ಪ್ರಸಂಗ ಹಾಕಿ ನೋಡಿದೆ, "ಪ್ರ"ದ ಕೆಳಗಿನ ರಕಾರ ಇದೆಯೋ ಇಲ್ವೋ ಅಂತ ಊಹೆ ಮಾಡಿ ಓದಬೇಕಾಯ್ತು, ಭಾಮಿನಿ ಷಟ್ಪದಿಯ ಮಾತ್ರೆ ಲೆಕ್ಕ ಹಾಕಿ ಓಹೋ ಇಲ್ಲಿ ಒತ್ತು ಇರ್ಲೇಬೇಕು ಅಂತ ತೀರ್ಮಾನ ಮಾಡಿದೆ. ಎರಡು ಬೆರಳಲ್ಲಿ ಹಿಗ್ಗಿಸಿದ್ರೆ ಪರದೆ ಒಂದ್ಸಲ ಕಪ್ಪಾಗಿ ಬೆಳ್ಳಗಾಗಿ ನಿಧಾನಕ್ಕೆ ಅರ್ಧ ಸಾಲು ತೋರಿಸ್ತದೆ, ಉಳಿದ ಅರ್ಧಕ್ಕೆ ಪಕ್ಕಕ್ಕೆ ಎಳೀಬೇಕು, ಮತ್ತೆ ಕಪ್ಪು ಬಿಳಿ. ಕಂಪನಿ ತಪ್ಪಲ್ಲ ಅದು, ಆ ಪರದೆಯ ಜಾತಿಯೇ ಹಾಗೆ. ಅಡ್ಡ ತಿರುಗಿಸಿ ಪುಟದ ಅರ್ಧರ್ಧ ಓದಬಹುದು, ಕತೆಗೆ ನಡೀತದೆ, ಪದ್ಯಕ್ಕೆ ಕಿರಿಕಿರಿ.

ಅದೇ ಪುಟ ನನ್ನ 8.7 ಇಂಚಿನ ಟ್ಯಾಬಲ್ಲಿ ಹತ್ತು ಪಾಯಿಂಟಿನ ಹತ್ರ ಬರ್ತದೆ, ಸಲೀಸಾಗಿ ಓದ್ಬಹುದು. 11 ಇಂಚಿನ ಟ್ಯಾಬ್ ಇದ್ರೆ ಡೆಮಿ ಪುಟ ಹೆಚ್ಚು ಕಡಿಮೆ ಪುಸ್ತಕದಲ್ಲಿ ಇದ್ದಷ್ಟೇ ದೊಡ್ಡದಾಗಿ ಕಾಣ್ತದೆ.

ಟ್ಯಾಬ್ ತಗೊಂಡಿದ್ದು ನಿಜ ಹೇಳ್ಬೇಕಂದ್ರೆ ಆಯಿಗೆ, ಅಂದ್ರೆ ಅಮ್ಮಂಗೆ. ಕಣ್ಣಿನ ಪೊರೆ ಆಪರೇಶನ್ ಆದ ಮೇಲೆ ಸಣ್ಣ ಅಕ್ಷರದ ಪುಸ್ತಕ ಬಿಟ್ಟೇಬಿಟ್ಟಿದ್ಲು. ಮೊದಲು ನನ್ನ ಇ-ರೀಡರೇ ಕೈಗೆ ಕೊಟ್ಟೆ, ತಿರುಗಿಸಿ ಮುರುಗಿಸಿ ನೋಡಿ "ಕಾಗದದ ಹಂಗೇ ಇದ್ದಲೋ ತಮಾ, ರಾಶಿ ಚೊಲೋ ಇದ್ದು, ಆದ್ರೆ ಇದ್ರಲ್ಲಿ ಕನ್ನಡ ಎಲ್ಲಿದ್ದು?" ಅಂದ್ಲು. ಎಂತ ಉತ್ತರ ಕೊಡೋದು. ಟ್ಯಾಬಲ್ಲಿ ಕನ್ನಡ ಕಾದಂಬರಿ ಹಾಕಿ ಅಕ್ಷರ ದೊಡ್ಡದು ಮಾಡಿಕೊಟ್ಟೆ, ಈಗ ಮಧ್ಯಾಹ್ನ ಊಟ ಆದ್ಮೇಲೆ ಜಗಲಿಯಲ್ಲಿ ಅದೇ ಕೆಲಸ. ದೊಡ್ಡ ಅಕ್ಷರಕ್ಕೆ ದೊಡ್ಡ ಪರದೆಯೇ ಬೇಕು, ಇದೂ ಅವಳಿಂದ ಕಲ್ತಿದ್ದು. ನಮ್ಮ ಪದ ಉದ್ದ, "ಹೋಗಬೇಕಾಗಿದ್ದರಿಂದಲೇ" ಅಂತ ಒಂದು ಪದ ಬಂದ್ರೆ ಆರಿಂಚಿನಲ್ಲಿ ಒಂದು ಸಾಲು ಅದಕ್ಕೇ ಹೋಯ್ತು.

ಮತ್ತೆ ಅಡಿಕೆ ಸುಲಿಯೋ ಸಮಯದಲ್ಲಿ ಟ್ಯಾಬಿನ ಇನ್ನೊಂದು ಉಪಯೋಗ ಗೊತ್ತಾಯ್ತು. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತೋರ ಕೈಯೆಲ್ಲ ಚೊಗರು ಹತ್ತಿ ಕಪ್ಪಾಗಿರ್ತದೆ, ಪುಸ್ತಕ ಮುಟ್ಟೋ ಪ್ರಶ್ನೆಯೇ ಇಲ್ಲ, ಆಡಿಯೋ ಪುಸ್ತಕ ಹಾಕಿಟ್ರೆ ಸುಲಿಯೋಕೆ ಬಂದೋರೂ ಕೇಳ್ತಾರೆ. ನಿಲ್ಲಿಸಬೇಕಾದ್ರೆ ಆಯಿ ಮೊಣಕೈಯಿಂದ ಒತ್ತೋದು ನೋಡ್ಬೇಕು ನೀವು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಜಾಗಕ್ಕೆ ಬೀಳ್ತದೆ, ಕತೆ ಹಿಂದಿನ ಅಧ್ಯಾಯಕ್ಕೆ ಹೋಗ್ತದೆ, ಎಲ್ಲರೂ ಅದನ್ನೇ ಇನ್ನೊಂದ್ಸಲ ಕೇಳ್ತಾರೆ, ಯಾರಿಗೂ ಬೇಜಾರಿಲ್ಲ.

ನಂಗೆ ಮಾತ್ರ ಟ್ಯಾಬಲ್ಲಿ ಓದೋದು ಇನ್ನೂ ಒಗ್ಗಿಲ್ಲ. ಒಂದು, ವಾಟ್ಸಾಪ್. ಹತ್ತು ಪುಟ ಓದೋದ್ರಲ್ಲಿ ಕುಟುಂಬದ ಗ್ರೂಪಲ್ಲಿ ಯಾರದೋ ಉಪನಯನದ ಕರೆಯೋಲೆ, ಅದರ ಕೆಳಗೆ ನಲವತ್ತು ಕೈಮುಗಿದ ಚಿತ್ರ, ನೋಡ್ತಾ ನೋಡ್ತಾ ಅಡಿಕೆ ರೇಟು, ಅಲ್ಲಿಂದ ರೀಲ್ಸು, ಪುಸ್ತಕ ಎಲ್ಲಿತ್ತು ಅಂತ ನೆನಪಾಗೋದು ಮಲಗೋ ಹೊತ್ತಿಗೆ. ಎರಡನೇದು ತೂಕ. ಈ ಅಳತೆಯ ಟ್ಯಾಬ್ ಅಂದ್ರೆ 330 ಗ್ರಾಮಿನ ಆಸುಪಾಸು, ಕವರ್ ಸೇರಿದ್ರೆ ಅರ್ಧ ಕೇಜಿ ಮುಟ್ತದೆ, ಮಲಗಿ ಮೇಲೆತ್ತಿ ಹಿಡಿದು ಓದುವಾಗ ನಿದ್ದೆ ಬಂದ್ರೆ ನೇರ ಮೂಗಿನ ಮೇಲೆ. ಎರಡು ಸಲ ಬಿದ್ದಿದೆ. ಇ-ರೀಡರ್ 200 ಗ್ರಾಮಿನ ಒಳಗೆ, ಬಿದ್ರೂ ಅಷ್ಟು ನೋವಿಲ್ಲ.

ಆದ್ರೆ ಇ-ರೀಡರ್ ನಾಜೂಕು, ಇದು ಅನುಭವದ ಮಾತು. ಈಗಿರೋದು ನನ್ನ ಎರಡನೇದು. ಮೊದಲನೇದು ಬಸ್ಸಲ್ಲಿ ಹೋಯ್ತು, ಬ್ಯಾಗಲ್ಲಿ ಅದರ ಮೇಲೆ ಆಯಿ ಕೊಟ್ಟ ಉಪ್ಪಿನಕಾಯಿ ಭರಣಿ ಇತ್ತು, ಯಾಣದ ಕ್ರಾಸ್ ದಾಟಿದ ಮೇಲೆ ಒಂದು ಹೊಂಡ ಬಂತು, ಅಷ್ಟೇ. ಮೇಲಿಂದ ಒಂದು ಗೀರೂ ಇಲ್ಲ, ಒಳಗಿನ ಗಾಜು ಮಾತ್ರ ಒಡೆದಿತ್ತು, ಮೇಲಿನರ್ಧ ಗೆರೆ ಗೆರೆ, ಕೆಳಗಿನರ್ಧದಲ್ಲಿ ನಾನು ಓದ್ತಿದ್ದ ಪುಟ ಹಾಗೇ ನಿಂತಿತ್ತು. ಕರೆಂಟ್ ಬೇಡ ಅಲ್ವಾ ಅದಕ್ಕೆ, ಈಗ್ಲೂ ಡ್ರಾಯರಲ್ಲಿ ಅದೇ ಪುಟ ತೋರಿಸ್ತಾ ಬಿದ್ದಿದೆ, ಕೊಲೆ ಮಾಡಿದ್ಯಾರು ಅಂತ ಗೊತ್ತಾಗೋ ಪುಟಕ್ಕೆ ಸ್ವಲ್ಪ ಮೊದಲು. ಕಾರವಾರದಲ್ಲಿ ಎರಡು ಮೊಬೈಲ್ ಅಂಗಡಿ, ಶಿರಸಿಯಲ್ಲಿ ಒಂದು ಸುತ್ತಿದೆ, ಇದನ್ನ ಬಿಚ್ಚೋರೇ ಇಲ್ಲ. ಟ್ಯಾಬಿನ ಗಾಜಾದ್ರೆ ಹೇಳಿದ ಎರಡು ದಿನಕ್ಕೆ ಹಾಕಿಕೊಡ್ತಾರೆ. ಗಟ್ಟಿ ಕವರ್ ಇಲ್ಲದೇ ಇ-ರೀಡರ್ ತಗೊಂಡು ಬಸ್ ಹತ್ತಬೇಡಿ.

ರೇಟಿನ ವಿಷಯ. ಹೊಸ ಕಿಂಡಲ್ ಪೇಪರ್‌ವೈಟ್, ಏಳಿಂಚಿನದ್ದು, 2025ರ ಏಪ್ರಿಲಲ್ಲಿ ಇಲ್ಲಿಗೆ ಬಂದಾಗ 16,999 ರೂಪಾಯಿ ಇಟ್ಟಿದ್ರು. ಅಷ್ಟು ದುಡ್ಡಿಗೆ ಸಾಧಾರಣ ಟ್ಯಾಬ್ ಬಂದು ಪುಸ್ತಕಕ್ಕೂ ಉಳೀತದೆ. ಪೇಪರ್‌ವೈಟಿಗೆ ನೀರು ತಾಗಿದ್ರೂ ತೊಂದರೆ ಇಲ್ಲ ಅಂತಾರೆ, ಸಿಹಿನೀರಾದ್ರೆ ಎರಡು ಮೀಟರ್ ಆಳದಲ್ಲಿ 60 ನಿಮಿಷ, ಅದೇ ಸಮುದ್ರದ ನೀರಾದ್ರೆ ಕಾಲು ಮೀಟರಲ್ಲಿ ಮೂರೇ ನಿಮಿಷ, ಕಾರವಾರದವರು ಎರಡನೇ ಲೆಕ್ಕ ನೆನಪಿಟ್ಕೊಳ್ಳಿ. ಇನ್ನೊಂದು, ಕೊಂಡ ಪುಸ್ತಕವನ್ನ ಕಂಪ್ಯೂಟರಿಗೆ ಇಳಿಸಿ ವೈರ್ ಹಾಕಿ ಕಿಂಡಲಿಗೆ ಕಳಿಸೋ ದಾರಿ ಮೊದಲು ಇತ್ತು, 2025ರ ಫೆಬ್ರವರಿಯಲ್ಲಿ ಅದನ್ನ ಬಂದ್ ಮಾಡಿದ್ರು, ಹಾಗಾಗಿ ಕಪಾಟಲ್ಲಿ ಇಟ್ಟ ಪುಸ್ತಕದ ಹಂಗೆ ನನ್ನದು ಅಂತ ಎದೆ ತಟ್ಟಿ ಹೇಳೋಕಾಗಲ್ಲ. ಒರಲೆ ಹಿಡಿಯೋದಿಲ್ಲ, ಅದೊಂದು ಸಮಾಧಾನ.

ಇ-ಇಂಕ್ ಪರದೆಯಲ್ಲೇ, ಅಂದ್ರೆ ಇ-ರೀಡರಿನ ಆ ಕಾಗದದಂಥ ಪರದೆಯಲ್ಲೇ, ಆಂಡ್ರಾಯ್ಡ್ ಇರೋ ಜಾತಿಯೂ ಇದೆ, ಬೂಕ್ಸ್ ಅಂತ ಬರ್ತದೆ ನೋಡಿ, ಅದರಲ್ಲಿ ಕನ್ನಡದ ಆಪ್ ಹಾಕಬಹುದು, ಹತ್ತಿಂಚಿನದ್ದು ತಗೊಂಡ್ರೆ ಪಿಡಿಎಫೂ ಓದಬಹುದು. ಕಾಗದದ ಮೇಲೆ ನೋಡಿದ್ರೆ ಇದೇ ಸರಿ ಅನಿಸ್ತದೆ, ಆದ್ರೆ ಅದರ ರೇಟು ಕೇಳಿದ್ರೆ ಭಾವ ಕವಳ ನುಂಗಿಬಿಡ್ತಾನೆ.

ಭಾವಂಗೆ ನಾನು ಹೇಳಿದ್ದು ಇಷ್ಟು: ನೀ ಇಂಗ್ಲಿಷ್ ಓದೋನಲ್ಲ, ನಿಂಗೆ ಬೇಕಾಗಿದ್ದು ಪ್ರಸಂಗ, ಹಳೇ ಪುಸ್ತಕದ ಸ್ಕ್ಯಾನು, ಆಗಾಗ ಒಂದು ಹೊಸ ಕಾದಂಬರಿ. ಸುಮ್ನೆ ಹತ್ತು ಹನ್ನೊಂದು ಇಂಚಿನ ಟ್ಯಾಬ್ ತಗ. ತಗಳೋ ಮೊದಲು ನಿನ್ನತ್ರ ಇರೋದ್ರಲ್ಲಿ ಅತ್ಯಂತ ಹಾಳಾದ ಸ್ಕ್ಯಾನ್ ಯಾವುದೋ ಅದನ್ನ ನಿನ್ನ ಇಮೇಲಿಗೇ ಕಳಿಸ್ಕಂಡು ಇಟ್ಗ, ಅಂಗಡಿಯಲ್ಲಿ ತೆಗೆಸಿ, ಕನ್ನಡಕ ಹಾಕದೇ ಒಂದು ಭಾಮಿನಿ ಓದಿ ನೋಡು, ಒತ್ತೆಲ್ಲ ಕಂಡ್ರೆ ದುಡ್ಡು ಕೊಡು. "ಅಂಗಡಿಯಲ್ಲಿ ಗಟ್ಟಿಯಾಗಿ ಓದವನೋ?" ಅಂದ. ಓದು ಮಾರಾಯ, ಯಾರು ಬೇಡ ಅಂದ್ರು. ಬರೋ ಶನಿವಾರ ಶಿರಸಿ ಬಸ್‌ಸ್ಟ್ಯಾಂಡಿಗೆ ಬರ್ತಾನಂತೆ, ನಾನೂ ಕಾರವಾರ ಬಸ್ ಇಳಿದು ಅವನ ಜೊತೆ ಅಂಗಡಿಗೆ ಹೋಗ್ತೀನಿ.