ಮರಗಸಿಗೆ ಯಾವುದು ಹೊಂದುತ್ತದೆ: ದೋಟಿ ಗರಗಸವೋ, ಬ್ಯಾಟರಿ ಪೋಲ್ ಸಾವೋ, ಪೆಟ್ರೋಲ್ ಯಂತ್ರವೋ?

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರ ಹತ್ತುವ ಆಳುಗಳು ಸಿಗುವುದು ಕಷ್ಟವಾಗಿರುವುದರಿಂದ, ನೆಲದ ಮೇಲೆ ನಿಂತೇ ಮರಗಸಿ (ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವುದು) ಮಾಡುವ ಸಾಧನಗಳನ್ನು ಕೊಳ್ಳುವವರು ಹೆಚ್ಚಾಗಿದ್ದಾರೆ. ನಮ್ಮ ಅರೇಬಿಕಾ ತೋಟದ ಹಾಲುವಾಣ, ಸಿಲ್ವರ್ ಓಕ್ ಮತ್ತು ಹಲಸಿನ ಮರಗಳ ಮೇಲೆ ನಾನು ಮೂರು ಬಗೆಯ ಸಾಧನಗಳನ್ನು ಬಳಸಿ ನೋಡಿದ್ದೇನೆ.

ಅಲ್ಯೂಮಿನಿಯಂ ದೋಟಿಗೆ ಸಿಕ್ಕಿಸುವ ಬಾಗಿದ ಗರಗಸವು ಎಲ್ಲಕ್ಕಿಂತ ಅಗ್ಗ. ಅದು ಎಳೆಯುವಾಗ ಮಾತ್ರ ಕೊಯ್ಯುವುದರಿಂದ ಮಣಿಕಟ್ಟಿನ ದಪ್ಪದ ಹಾಲುವಾಣದ ಕೊಂಬೆಗೆ ಸಾಕು. ಅದಕ್ಕಿಂತ ದಪ್ಪವಾದರೆ ಕುತ್ತಿಗೆ ಮತ್ತು ಹೆಗಲು ಸೋಲುತ್ತವೆ. ಆದರೂ ಮೆಣಸಿನ ಬಳ್ಳಿ ಹಬ್ಬಿದ ಮರಗಳಲ್ಲಿ ನಾನು ಇಂದಿಗೂ ಇದನ್ನೇ ಬಳಸುತ್ತೇನೆ. ಯಂತ್ರದ ಕೋಲಿನ ತುದಿಯ ಚೈನ್ ಗರಗಸ ತಾಗಿದರೆ ಬಳ್ಳಿ ಕ್ಷಣದಲ್ಲಿ ತುಂಡಾಗುತ್ತದೆ. ಕೈಗರಗಸವನ್ನಾದರೆ ತಕ್ಷಣ ನಿಲ್ಲಿಸಬಹುದು.

ಪೆಟ್ರೋಲ್ ಯಂತ್ರಕ್ಕೆ ಬಲ ಹೆಚ್ಚು, ದಿನವಿಡೀ ದುಡಿಯುತ್ತದೆ. ಆದರೆ ಉದ್ದ ಕೋಲಿನ ಮಾದರಿಗಳು ಏಳೆಂಟು ಕಿಲೋ ತೂಗುತ್ತವೆ, ಮತ್ತು ಅದರ ಸದ್ದಿನಲ್ಲಿ ಜೊತೆಯವರು ಕೂಗಿದರೂ ಕೇಳಿಸುವುದಿಲ್ಲ. ಇಳಿಜಾರಿನ ತೋಟದಲ್ಲಿ ಇದು ಸಣ್ಣ ತೊಂದರೆಯಲ್ಲ.

ಬ್ಯಾಟರಿ ಪೋಲ್ ಸಾ, ಅಂದರೆ ಬ್ಯಾಟರಿಯಿಂದ ಓಡುವ ಕೋಲು ಗರಗಸ, ನಾಲ್ಕೈದು ಕಿಲೋ ತೂಗುತ್ತದೆ. ಗುಂಡಿ ಬಿಟ್ಟೊಡನೆ ನಿಲ್ಲುತ್ತದೆ. ಕೊಂಬೆ ಲಟಕೆಂದು ಮುರಿಯತೊಡಗುವ ಸದ್ದು ಕಿವಿಗೆ ಬೀಳುತ್ತದೆ. ಆದರೆ ಕೊಳ್ಳುವಾಗ ಒಟ್ಟು ತೂಕವನ್ನಷ್ಟೇ ವಿಚಾರಿಸಿದರೆ ಸಾಲದು. ಕೆಲವು ಮಾದರಿಗಳಲ್ಲಿ ಮೋಟಾರು ಕೋಲಿನ ತುದಿಯಲ್ಲೇ ಇರುವುದರಿಂದ, ಕೋಲನ್ನು ಪೂರ್ತಿ ಎಳೆದಾಗ ತಲೆಭಾರ ಹೆಚ್ಚಿ ಬಾರ್ (ಚೈನ್ ಸುತ್ತುವ ಪಟ್ಟಿ) ತೂಗಾಡುತ್ತದೆ. ಅಂಗಡಿಯಲ್ಲೇ ಪೂರ್ತಿ ಎಳೆದು, ಸ್ವಲ್ಪ ಹೊತ್ತು ಎತ್ತಿ ಹಿಡಿದು ನೋಡುವುದು ಒಳ್ಳೆಯದು. ಬಾರ್ ಹತ್ತು ಇಂಚು ಇದೆಯೆಂದು ಹತ್ತು ಇಂಚಿನ ಕೊಂಬೆಗೆ ಹೋಗಬಾರದು. ಐದಾರು ಇಂಚಿನವರೆಗೆ ಅದು ನೆಮ್ಮದಿಯಾಗಿ ಕೊಯ್ಯುತ್ತದೆ. ಹಾಲುವಾಣದ ಹಸಿ ಪುಡಿ ಬಾರಿನ ಸಂದಿಯಲ್ಲಿ ಮೆತ್ತಿಕೊಂಡು ಎಣ್ಣೆಯ ತೂತನ್ನು ಮುಚ್ಚುತ್ತದೆ, ಹಲಸಿನ ಮೇಣವಂತೂ ಚೈನನ್ನೇ ಹಿಡಿಯುತ್ತದೆ. ಸಂಜೆ ಶುಚಿಗೊಳಿಸುವಾಗಲಾಗಲಿ, ಚೈನ್ ಬಿಗಿ ಮಾಡುವಾಗಲಾಗಲಿ, ಮೊದಲು ಬ್ಯಾಟರಿಯನ್ನು ಕಳಚಿಡಬೇಕು.

ಅಪಾಯ ಹೆಚ್ಚಾಗಿರುವುದು ಕೊಂಬೆ ಬೀಳುವ ರೀತಿಯಲ್ಲಿ. ಕತ್ತರಿಸುವ ಜಾಗದ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದು, ಕೋಲು ನೆಲಕ್ಕೆ 60 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗದಂತೆ ಹಿಡಿಯಬೇಕು. ಉಳಿದವರು 15 ಮೀಟರ್ ದೂರದಲ್ಲಿರಬೇಕು. ಕಾಫಿ ಗಿಡಗಳ ನಡುವೆ ಹಿಂದೆ ಸರಿಯಲು ದಾರಿಯನ್ನು ಮೊದಲೇ ನೋಡಿಕೊಂಡಿರಬೇಕು. ಉದ್ದ ಕೊಂಬೆಯನ್ನು ತುದಿಯಿಂದ ತುಂಡು ತುಂಡಾಗಿ ಇಳಿಸಿ, ಕೊನೆಯ ತುಂಡಿಗೆ ಮೊದಲು ಅಡಿಯಿಂದ ಮೂರನೆಯ ಒಂದು ಪಾಲು ಕೊಯ್ದು, ಅದರಿಂದ ಸ್ವಲ್ಪ ಹೊರಗೆ ಮೇಲಿನಿಂದ ಕತ್ತರಿಸಿದರೆ ಕಾಂಡದ ತೊಗಟೆ ಸುಲಿದು ಬರುವುದಿಲ್ಲ. ಆಮೇಲೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿಗೆ ತಾಗದಂತೆ ತೆಗೆಯಬೇಕು. ಬಾರ್ ಕೊಂಬೆಯಲ್ಲಿ ಸಿಕ್ಕಿಕೊಂಡಾಗ ಯಂತ್ರವನ್ನು ಓಡಿಸುತ್ತಾ ಜಗ್ಗುವುದು ತಪ್ಪು. ಹೆಲ್ಮೆಟ್ ಮತ್ತು ಕನ್ನಡಕವಿಲ್ಲದೆ ಯಾರ ಕೈಗೂ ನಾನು ಇದನ್ನು ಕೊಡುವುದಿಲ್ಲ. ಏಣಿ ಹತ್ತಿ ಬಳಸುವುದಂತೂ ಕೂಡದು.

ಕೆಲಸ ಸುಲಭವಾದಷ್ಟೂ ನೆರಳನ್ನು ಹೆಚ್ಚು ತೆಗೆದುಬಿಡುವ ಆಸೆ ಹುಟ್ಟುತ್ತದೆ. ನೆರಳು ತೆಳುವಾದ ಅರೇಬಿಕಾದಲ್ಲಿ ಬಿಳಿ ಕಾಂಡಕೊರಕ ಹುಳುವಿನ ಹಾವಳಿ ಹೆಚ್ಚುತ್ತದೆ ಎಂಬುದು ಬೆಳೆಗಾರರೆಲ್ಲರಿಗೂ ತಿಳಿದದ್ದೇ, ಆದರೂ ಹೊಸ ಯಂತ್ರ ಬಂದ ವರ್ಷ ಅದು ಮರೆತುಹೋಗುತ್ತದೆ.

ಹತ್ತಾರು ಎಕರೆಯೊಳಗಿನ ತೋಟಕ್ಕೆ ಬ್ಯಾಟರಿ ಯಂತ್ರವೊಂದು, ಹೆಚ್ಚುವರಿ ಬ್ಯಾಟರಿಯೊಂದು ಮತ್ತು ಬಳ್ಳಿಯ ಮರಗಳಿಗೆ ದೋಟಿ ಗರಗಸ ಸಾಕೆಂಬುದು ನನ್ನ ಆಯ್ಕೆ. ಎತ್ತರದ ಸಿಲ್ವರ್ ಓಕ್‌ನ ತುದಿಗೆ ಈ ಮೂರೂ ಎಟಕುವುದಿಲ್ಲ, ಅಲ್ಲಿಗೆ ನುರಿತ ಆಳೇ ಬೇಕು. ಇನ್ನು ವಿದ್ಯುತ್ ತಂತಿಯ ಪಕ್ಕದ ಮರಗಳ ವಿಷಯ: ಅಲ್ಯೂಮಿನಿಯಂ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ಬ್ಯಾಟರಿ ಯಂತ್ರವೂ ಇದಕ್ಕೆ ಹೊರತಲ್ಲ. ಅಂಥ ಮರಗಳನ್ನು ವಿದ್ಯುತ್ ಕಂಪನಿಯಾದ ಮೆಸ್ಕಾಂನವರಿಗೆ ತಿಳಿಸಿ, ಲೈನ್ ಬಂದ್ ಮಾಡಿಸಿ, ಅವರ ಸಿಬ್ಬಂದಿಯಿಂದಲೇ ಕಡಿಸುತ್ತೇನೆ.