ಬೋರು, ಕ್ಯಾನು, ಕಾವೇರಿ: ನನ್ನ ನಿಯಾನ್ ಟೆಟ್ರಾಗಳಿಗೆ ಒಗ್ಗಿದ ನೀರು

ಬೆಂಗಳೂರಿನಲ್ಲಿ ನಿಯಾನ್ ಟೆಟ್ರಾ ಎಂಬ ಪುಟ್ಟ ಅಕ್ವೇರಿಯಂ ಮೀನು ಸಾಕುವವರಿಗೆ ನಾನು ಹೇಳುವುದು ಕಾವೇರಿ ನಲ್ಲಿ ನೀರನ್ನೇ. ಒಂದೂವರೆ ವರ್ಷದಲ್ಲಿ 2 ಅಡಿಯ ಒಂದೇ ಟ್ಯಾಂಕಿಗೆ ಮೂರೂ ಬಗೆಯ ನೀರು ಹಾಕಿ ನೋಡಿದ್ದೇನೆ. 12 ಮೀನುಗಳಲ್ಲಿ 9 ಒಂದೇ ರಾತ್ರಿ ಹೋದವು. ಅದಕ್ಕೆ ದಾರಿ ಮಾಡಿಕೊಟ್ಟದ್ದು ನಾನು ದುಡ್ಡು ಕೊಟ್ಟು ಹೊತ್ತು ತಂದ ಕ್ಯಾನ್ ನೀರು.

ಮೊದಲ ಮೂರು ತಿಂಗಳು ಬೋರ್ ನೀರು. ನಮ್ಮ ಬಾಡಿಗೆ ಮನೆಯ ಬೋರು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ಮೀಟರಿನಲ್ಲಿ 780 ತೋರಿಸುತ್ತದೆ. ಬಕೆಟ್ಟಿನ ಒಳಗೆಲ್ಲ ಬಿಳಿ ಕರೆ, ತೊಗರಿಬೇಳೆ ಎಷ್ಟು ಕೂಗಿಸಿದರೂ ಬೇಯುವುದಿಲ್ಲ. ಗಪ್ಪಿ, ಮಾಲಿ ಮೀನುಗಳಾದರೆ ಇಂಥ ಗಡಸು ನೀರಿನಲ್ಲೇ ಚೆನ್ನಾಗಿರುತ್ತವೆ. ನಿಯಾನ್ ಅಮೆಜಾನ್ ಕಡೆಯ ಮೆದು ನೀರಿನ ಮೀನು. ನನ್ನವು ಸಾಯಲಿಲ್ಲ, ಆದರೆ ಮೈಮೇಲಿನ ನೀಲಿ ಗೆರೆ ಮಂಕಾಗಿ, ಮೂಲೆ ಬಿಟ್ಟು ಈಚೆ ಬರುತ್ತಿರಲಿಲ್ಲ.

‘ಸರ್, ನಿಯಾನ್‌ಗೆ ಆರ್‌ಓ ನೀರೇ ಹಾಕಿ’ ಎಂದರು ಮೀನಿನ ಅಂಗಡಿಯವರು. ಆರ್‌ಓ ಅಂದರೆ ಲವಣಗಳನ್ನು ಸೋಸಿ ತೆಗೆದ ನೀರು, ಕುಡಿಯುವ ನೀರಿನ ಕ್ಯಾನಿನಲ್ಲಿ ಬರುವುದು ಅದೇ. ಅಂದಿನಿಂದ ಐದು ತಿಂಗಳು 20 ಲೀಟರಿನ ಕ್ಯಾನು. ಮೊದಮೊದಲು ಬಣ್ಣ ಎದ್ದು ಬಂತು, ಗುಂಪು ಕಟ್ಟಿ ಈಜತೊಡಗಿದವು. ಮೀಟರ್ 90 ದಾಟದಿದ್ದರೆ ನೀರು ಚೆನ್ನಾಗಿದೆ ಅಂತ ನಾನೂ ನಂಬಿದೆ. ನೀರಿನಲ್ಲಿ ಕರಗಿದ್ದು ಒಟ್ಟು ಎಷ್ಟು ಅಂತ ಆ ಮೀಟರ್ ಹೇಳುತ್ತದೆಯೇ ಹೊರತು ಏನೇನು ಕರಗಿದೆ ಅಂತ ಹೇಳುವುದಿಲ್ಲ.

ಎಡವಿದ್ದು ಅಲ್ಲೇ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಹಾಗೆ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದನ್ನು ನುಂಗಿಕೊಳ್ಳುವುದು ನೀರಿನ ಬೈಕಾರ್ಬೊನೇಟ್. 1 ಮಿಲಿಗ್ರಾಂ ಅಮೋನಿಯಾ-ನೈಟ್ರೋಜನ್ ಹೀಗೆ ಬದಲಿಸಲು ಸುಮಾರು 7 ಮಿಲಿಗ್ರಾಂ ಕ್ಷಾರ ಖರ್ಚಾಗುತ್ತದೆ. ಆರ್‌ಓ ನೀರಿನಲ್ಲಿ ಆ ದಾಸ್ತಾನೇ ಇಲ್ಲ. ಈ ಬೈಕಾರ್ಬೊನೇಟ್ ಅಳೆಯುವ ಕೆಎಚ್ ಟೆಸ್ಟಿನಲ್ಲಿ ನೀಲಿ ನೀರು ಹಳದಿಯಾಗುವವರೆಗೆ ಹನಿ ಎಣಿಸಬೇಕು. ನನ್ನ ಬೋರ್ ನೀರಿಗೆ 15 ಹನಿ ಬೇಕು. ಕ್ಯಾನ್ ನೀರು ಮೊದಲ ಹನಿಗೇ ಹಳದಿ. ಆ ಟೆಸ್ಟ್ ಕಿಟ್ ಕೊಂಡದ್ದು ಮಾತ್ರ ಮೀನು ಸತ್ತ ಮೇಲೆ.

ಐದನೇ ತಿಂಗಳಿಗೆ ಪಿಹೆಚ್ (7ಕ್ಕಿಂತ ಇಳಿದಷ್ಟೂ ನೀರು ಆಮ್ಲೀಯ) 5.8ಕ್ಕೆ ಇಳಿದಿತ್ತು. 6ರ ಕೆಳಗೆ ಆ ಬ್ಯಾಕ್ಟೀರಿಯಾ ಕೆಲಸ ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತವೆ, ಅಮೋನಿಯಾ ಸೇರುತ್ತಾ ಹೋಗುತ್ತದೆ. ಆದರೂ ಮೀನು ಆರಾಮಾಗಿದ್ದವು. ಯಾಕೆಂದರೆ ಆಮ್ಲೀಯ ನೀರಿನಲ್ಲಿ ಅದು ಹೆಚ್ಚಿನಂಶ ಅಮೋನಿಯಂ ರೂಪದಲ್ಲಿರುತ್ತದೆ, ಅದರ ವಿಷ ಬಹಳ ಕಡಿಮೆ. ಇದು ಗೊತ್ತಿಲ್ಲದ ನಾನು ಪಿಹೆಚ್ ಏರಿಸಲು ಒಂದು ಶನಿವಾರ ಸಂಜೆ ಅರ್ಧ ಟ್ಯಾಂಕ್ ಖಾಲಿ ಮಾಡಿ ಬೋರ್ ನೀರು ತುಂಬಿದೆ. ಪಿಹೆಚ್ 8ಕ್ಕೆ ಹಾರಿತು. 6ರಿಂದ 8ಕ್ಕೆ ಏರಿದರೆ ವಿಷದ ರೂಪದ ಅಮೋನಿಯಾದ ಪಾಲು ನೂರುಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಗಡಸುತನ ಒಮ್ಮೆಲೇ ಏರಿದ ಪೆಟ್ಟು ಬೇರೆ. ರಾತ್ರಿ ಹತ್ತಕ್ಕೆ ನೋಡಿದರೆ ಎಲ್ಲವೂ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ತೇಕುತ್ತಿದ್ದವು, ಕಿವಿರು ಕೆಂಪಗಾಗಿತ್ತು. ಬೆಳಗ್ಗೆ ಉಳಿದದ್ದು ಮೂರು. ಅಂದು ತೆಗೆದಿಟ್ಟಿದ್ದ ನೀರಿಗೆ ಆಮೇಲೆ ಅಮೋನಿಯಾ ಟೆಸ್ಟ್ ಹಾಕಿದಾಗ ಅಮೋನಿಯಾ ವಿಪರೀತ ಎನ್ನುವ ಕಡುಹಸಿರು ಬಣ್ಣ ಬಂದದ್ದು ಇನ್ನೂ ಕಣ್ಣಲ್ಲಿದೆ.

ಕಾವೇರಿ ನೀರಿಗೆ ಕ್ಲೋರಿನ್ ಇರುತ್ತದೆಂದು ಹೆದರಿ ಅಲ್ಲಿಯವರೆಗೂ ಮುಟ್ಟಿರಲಿಲ್ಲ. ಕ್ಲೋರಿನ್ ಹೋಗಲಾಡಿಸಲು ಬೇಕಾದದ್ದು ಸೋಡಿಯಂ ಥಯೋಸಲ್ಫೇಟ್, ಅಂದರೆ ಹೈಪೋ. ಕಲ್ಲುಸಕ್ಕರೆಯಂಥ ಸಣ್ಣ ಹರಳು ಒಂದೆರಡು ಒಂದು ಬಕೆಟ್ಟಿಗೆ ಧಾರಾಳ ಸಾಕು. ನಮ್ಮ ಮನೆಗೆ ಬರುವ ಕಾವೇರಿ ಟಿಡಿಎಸ್ 210, ಕೆಎಚ್ 5 ಹನಿ, ಪಿಹೆಚ್ 7.4. ನಿಯಾನ್‌ಗೆ ತೀರಾ ಮೆದುವಲ್ಲ, ಆದರೂ ವಾರದಿಂದ ವಾರಕ್ಕೆ ಅಲುಗಾಡದೆ ನಿಂತಿರುತ್ತದೆ. ಫಾರ್ಮಿನಲ್ಲಿ ಹುಟ್ಟಿದ ಮೀನಿಗೆ ಅದು ಸಾಕು. ನೀರು ಹಿಡಿಯುವಾಗ ಮಾತ್ರ ಸಂಪಿಗೆ ಬೀಳುವ ಮುಂಚೆ, ನೀರಿನ ಮೀಟರ್ ಪಕ್ಕದ ನಲ್ಲಿಯಿಂದಲೇ ಹಿಡಿಯಬೇಕು. ಸಂಪಿನಲ್ಲಿ ಬೋರೂ ಸೇರಿರುತ್ತದೆ.

ಖರ್ಚು: ಕ್ಯಾನಿಗೆ 40 ರೂಪಾಯಿ, ಕಾವೇರಿಗೆ ಬೇರೆ ಖರ್ಚಿಲ್ಲ.

ಉಳಿದ ಮೂರರ ಜೊತೆ 8 ಹೊಸ ಮೀನು ಬಿಟ್ಟೆ. ಹತ್ತು ತಿಂಗಳಲ್ಲಿ ಒಂದು ಹೋಗಿದೆ. ಟ್ಯಾಂಕಿನ ನೀರು ಬದಲಿಸಲು ನನಗೆ ಬಿಡುವಿರುವುದು ಭಾನುವಾರ ಮಾತ್ರ, ಹಾಗಾಗಿ ಶನಿವಾರವೇ ಒಂದು ಬಕೆಟ್ ಹಿಡಿದು ಹೈಪೋ ಹಾಕಿ ಇಟ್ಟಿರುತ್ತೇನೆ. ಬೇಸಿಗೆಯಲ್ಲಿ ವಾರಗಟ್ಟಲೆ ಕಾವೇರಿ ಬರದಿದ್ದರೆ ಒಂದು ಪಾಲು ಬೋರಿಗೆ ಮೂರು ಪಾಲು ಕ್ಯಾನ್ ನೀರು ಬೆರೆಸಿ ಹನಿ ಎಣಿಸುತ್ತೇನೆ. ನಾಲ್ಕನೆಯದಕ್ಕೋ ಐದನೆಯದಕ್ಕೋ ಹಳದಿಯಾದರೆ ಆ ಬಕೆಟ್ ಟ್ಯಾಂಕಿಗೆ.